ಮಂಡ್ಯ ವಲಯದ ಮೈದಾನ ಬರಿದಾದದ್ದು ಹೇಗೆ?

ಗೌರಿ ಹಬ್ಬ ಬಂತೆಂದರೆ ಅಟ್ಟದ ಪಾತ್ರೆ ಇಳಿಸಿ ತೊಳೆಯುವ ಕೆಲಸ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ, ಅಲ್ಲವೇ? ಮದ್ದೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಈಗ ಮಂಡಿನೋವು. ಏಣಿ ಹತ್ತಲಾರರು. ಅದಕ್ಕೇ 2025ರ ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಾನೇ ಮಳವಳ್ಳಿಯಿಂದ ಬಸ್ಸು ಹತ್ತಿ ಹೋದೆ. ಹಿತ್ತಾಳೆ ಕೊಳಗ, ತಾಮ್ರದ ಚೊಂಬು, ಹಳೇ ಇಡ್ಲಿ ಪಾತ್ರೆ ಎಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದಾಗ ಕೈಗೆ ಒಂದು ಸ್ಟೀಲ್ ತಟ್ಟೆ ಬಂತು. ಚಿಕ್ಕವಳಿದ್ದಾಗ ರಜೆಗೆ ಹೋದಾಗಲೆಲ್ಲ ನಾನು ಅದರಲ್ಲೇ ಮುದ್ದೆ ಉಂಡಿದ್ದೇನೆ. ಆದರೆ ಅದರ ಬೆನ್ನು ತಿರುಗಿಸಿ ನೋಡಿದ್ದು ಅವತ್ತೇ ಮೊದಲು. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ: ಮಂಡ್ಯ ವಲಯ, ಖೊ ಖೊ, ದ್ವಿತೀಯ, 1982.

“ಇದು ಯಾರ ಮದ್ವೇಲಿ ಬಂದ ಉಡುಗೊರೆ ಚಿಕ್ಕಮ್ಮ?” ಅಂದೆ.

“ಉಡುಗೊರೆಯಲ್ಲ ಕಣಮ್ಮಿ. ನಾನು ಓಡಿ ತಂದಿದ್ದು” ಅಂದರು, ಬೇಳೆ ಆರಿಸುತ್ತಾ, ತಲೆ ಕೂಡ ಎತ್ತದೆ.

ಚಿಕ್ಕಮ್ಮ ಬಿ.ಎ. ಓದಿದವರು ಅಂತ ಗೊತ್ತಿತ್ತು. ಆಟಗಾರ್ತಿ ಅಂತ ಗೊತ್ತಿರಲಿಲ್ಲ. ಅವರ ಮದುವೆ ಮಾತುಕತೆಯಲ್ಲಿ ಹೊಲಿಗೆ ಬರುತ್ತೆ, ದೇವರ ನಾಮ ಹೇಳ್ತಾಳೆ ಅಂತೆಲ್ಲ ಹೇಳಿದರಂತೆ. ಓಟದ ಸುದ್ದಿ ಎತ್ತಕೂಡದು ಅಂತ ನಮ್ಮಜ್ಜಿ ಎಲ್ಲರ ಬಾಯಿ ಕಟ್ಟಿಸಿದ್ದರಂತೆ. ಹಾಗೆ ಕಟ್ಟಿದ ಬಾಯಿ ನಲವತ್ತಮೂರು ವರ್ಷದ ಮೇಲೆ ಅವತ್ತು ಮಧ್ಯಾಹ್ನ ಬಿಚ್ಚಿತು ನೋಡಿ. ಅವರು ಹೇಳಿದ್ದನ್ನೂ, ನಮ್ಮ ಬಡಾವಣೆಯಲ್ಲಿರುವ ಒಬ್ಬ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ ನಾನು ಕೇಳಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹೆಣ್ಣುಮಕ್ಕಳಿರುವವರು ಓದಿ ಅನ್ನುವುದು ನನ್ನ ಆಸೆ.

ವಲಯ ಅಂದರೇನು?

ನನ್ನ ಹಾಗೆ ಕಾಲೇಜು ಮೆಟ್ಟಿಲು ಹತ್ತದವರಿಗೆ ಮೊದಲು ಇದನ್ನು ಹೇಳಿಬಿಡುತ್ತೇನೆ. ಒಂದು ವಿಶ್ವವಿದ್ಯಾನಿಲಯದ ಕೆಳಗೆ ಹತ್ತಾರು ಊರಿನ ಕಾಲೇಜುಗಳಿರುತ್ತವೆ. ಅಷ್ಟೂ ಕಾಲೇಜುಗಳ ತಂಡಗಳನ್ನು ಒಂದೇ ಕಡೆ ಕರೆದು ಆಡಿಸುವುದು ಆಗದ ಮಾತು. ಅದಕ್ಕೆ ಹತ್ತಿರ ಹತ್ತಿರದ ಕಾಲೇಜುಗಳನ್ನು ಗುಂಪು ಮಾಡಿ ವಲಯ ಅನ್ನುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಮ್ಮ ಕಡೆಯ ಕಾಲೇಜುಗಳದ್ದು ಮಂಡ್ಯ ವಲಯ. ಈ ಸಲ ಕಬಡ್ಡಿ ಒಂದು ಕಾಲೇಜಿನವರು ನಡೆಸಿದರೆ, ವಾಲಿಬಾಲ್ ಇನ್ನೊಂದು ಕಾಲೇಜಿನವರು, ಖೊ ಖೊ ಮತ್ತೊಂದು ಕಾಲೇಜಿನವರು. ಇಲ್ಲಿ ಗೆದ್ದವರು ಅಂತರ ವಲಯಕ್ಕೆ ಹೋಗುತ್ತಾರೆ. ಅಲ್ಲಿ ಕಣ್ಣಿಗೆ ಬಿದ್ದವರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡ ಕಟ್ಟುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಕ್ಕೆ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ. ಊರೂರಿನ ಡೈರಿಯಲ್ಲಿ ಹಾಲು ಅಳೆದು, ಕ್ಯಾನಿಗೆ ತುಂಬಿ, ಗೆಜ್ಜಲಗೆರೆಗೆ ಕಳಿಸುತ್ತಾರಲ್ಲ, ಹಾಗೆಯೇ ಇದೂ. ಊರಿನ ಡೈರಿಗೆ ಹಾಲು ಬರದಿದ್ದರೆ ಗೆಜ್ಜಲಗೆರೆಯವರು ಏನು ಮಾಡಿಯಾರು?

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಆಗ ಮಂಡ್ಯ ಒಂದು ಜಿಲ್ಲೆಯೇ ಆಗಿರಲಿಲ್ಲ, ಜಿಲ್ಲೆಯಾದದ್ದು 1939ರಲ್ಲಿ. ನಾಲೆಯಲ್ಲಿ ಕಾವೇರಿ ನೀರು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಮಕ್ಕಳನ್ನು ಓದಿಸಬೇಕು ಅನ್ನುವ ಆಸೆ ರೈತರಿಗೂ ಬಂತು. ಆದರೆ ಕಾಲೇಜು ಮೈಸೂರಿನಲ್ಲೇ ಇದ್ದರೆ ಗಂಡುಮಕ್ಕಳು ಮಾತ್ರ ಹೋಗುತ್ತಿದ್ದರು, ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸುತ್ತಿದ್ದರು? ‘ನಿತ್ಯ ಸಚಿವ’ ಅಂತಲೇ ಹೆಸರಾದ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಪಿ.ಇ.ಎಸ್. ಸಂಸ್ಥೆ ಕಟ್ಟಿದರು; ಅವರ ಇಂಜಿನಿಯರಿಂಗ್ ಕಾಲೇಜು 1962ರಲ್ಲಿ ಶುರುವಾಯಿತು. ಜಿ. ಮಾದೇಗೌಡರು ಮದ್ದೂರು ಮಳವಳ್ಳಿ ನಡುವಿನ ಕೆ.ಎಂ. ದೊಡ್ಡಿಯಲ್ಲಿ ಭಾರತೀ ಕಾಲೇಜು ತಂದರು. ಮದ್ದೂರಿನಲ್ಲಿ ಎಚ್.ಕೆ. ವೀರಣ್ಣಗೌಡರ ಹೆಸರಿನ ಕಾಲೇಜು, ಮಳವಳ್ಳಿಯಲ್ಲಿ ಶಾಂತಿ ಕಾಲೇಜು ಬಂದವು. ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರದಲ್ಲಿ ಕಾಲೇಜು ಬಂದದ್ದೇ ತಡ, ಹೆಣ್ಣುಮಕ್ಕಳು ಪುಸ್ತಕ ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು. ಅವರ ಹಿಂದೆಯೇ ಆಟವೂ ಬಂತು.

ಅಣ್ಣನ ಪ್ಯಾಂಟು, ಬಾಳೆಎಲೆಯ ಚಿತ್ರಾನ್ನ

1982ರ ಆ ದಿನವನ್ನು ಚಿಕ್ಕಮ್ಮ ಹೇಳಿದ ಹಾಗೇ ಹೇಳುತ್ತೇನೆ. ಮದ್ದೂರಿನಿಂದ ಬೆಳಗಿನ ಬಸ್ಸಿಗೆ ಹನ್ನೆರಡು ಹುಡುಗಿಯರು, ಜೊತೆಗೆ ಒಬ್ಬರು ಲೇಡಿ ಲೆಕ್ಚರರ್. ಎಲ್ಲರೂ ಲಂಗ ದಾವಣಿಯಲ್ಲೇ ಹೊರಟದ್ದು. ಮಂಡ್ಯಕ್ಕೆ ಹೋಗಿ ಇಳಿದ ಮೇಲೆ ಒಂದು ತರಗತಿಯೊಳಗೆ ಬಟ್ಟೆ ಬದಲಾಯಿಸಿದರು. ಚಿಲಕ ಇಲ್ಲದ ಬಾಗಿಲನ್ನು ಇಬ್ಬರು ಹುಡುಗಿಯರು ಹೊರಗಿನಿಂದ ಎಳೆದು ಹಿಡಿದುಕೊಂಡಿದ್ದರಂತೆ. ಚಿಕ್ಕಮ್ಮ ಹಾಕಿಕೊಂಡದ್ದು ನಮ್ಮ ದೊಡ್ಡ ಸೋದರಮಾವನ ಪ್ಯಾಂಟು. ಸೊಂಟಕ್ಕೆ ಲಾಡಿ ಪೋಣಿಸಿ, ಕಾಲು ಕತ್ತರಿಸಿ ತಾವೇ ಹೊಲಿದುಕೊಂಡದ್ದು. “ಮಾವ ಒಂದು ವಾರ ಹುಡುಕಿದ್ರು ಕಣೆ ಆ ಪ್ಯಾಂಟ್ನ” ಅಂತ ನಕ್ಕರು.

ಖೊ ಖೊ ನೋಡಿದ್ದೀರಲ್ಲ? ಒಂದೊಂದು ತಂಡಕ್ಕೆ ಮೈದಾನದಲ್ಲಿ ಒಂಬತ್ತು ಜನ. ಹಿಡಿಯುವ ತಂಡದವರಲ್ಲಿ ಎಂಟು ಜನ ಸಾಲಾಗಿ, ಒಬ್ಬರ ಮುಖ ಆ ಕಡೆ, ಇನ್ನೊಬ್ಬರ ಮುಖ ಈ ಕಡೆ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುವವಳು. ಎದುರಾಳಿಗಳು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಕೂತವಳ ಬೆನ್ನು ಮುಟ್ಟಿ “ಖೊ” ಅಂದರೆ ಅವಳು ಏಳಬೇಕು, ಇವಳು ಕೂರಬೇಕು. ಈ ಆಟಕ್ಕೆ ಬ್ಯಾಟು ಬೇಡ, ಬಾಲು ಬೇಡ, ನೆಟ್ಟು ಬೇಡ. ಎರಡು ಕಂಬ, ಸುಣ್ಣದ ಗೆರೆ, ಮತ್ತು ಒಂಬತ್ತು ಜನ. ಬಡವರ ಮನೆ ಮಕ್ಕಳು ಇದಕ್ಕೆ ಒಲಿದದ್ದು ಸುಮ್ಮನೆ ಅಲ್ಲ.

ಅವತ್ತು ಏಳೋ ಎಂಟೋ ತಂಡ ಬಂದಿದ್ದವಂತೆ. ಮೈದಾನದ ಸುತ್ತ ಜನ. ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿಕೊಂಡು ಗಾಡಿ ಮೇಲೇ ನಿಂತು ನೋಡಿದರಂತೆ. ಮಧ್ಯಾಹ್ನಕ್ಕೆ ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ಒಂದು ಹೋಳು ನಿಂಬೆಹಣ್ಣು, ಒಂದು ಚಮಚ ಗ್ಲೂಕೋಸ್. ಫೈನಲ್‌ನಲ್ಲಿ ಮಳವಳ್ಳಿ ಕಡೆಯ ಹುಡುಗಿಯರ ಎದುರು ಒಂದೇ ಒಂದು ಪಾಯಿಂಟಿಗೆ ಸೋತರು. ಸೋತವರೂ ಗೆದ್ದವರೂ ಒಟ್ಟಿಗೇ ಕೂತು ಅತ್ತರಂತೆ. ಸಂಜೆ ಪ್ಯಾಸೆಂಜರ್ ರೈಲಿಗೆ ವಾಪಸ್ಸು. ಮದ್ದೂರು ಸ್ಟೇಷನ್ನಿನಲ್ಲಿ ಲೆಕ್ಚರರ್ ತಮ್ಮ ದುಡ್ಡಿನಿಂದ ಎಲ್ಲರಿಗೂ ಒಂದೊಂದು ವಡೆ ಕೊಡಿಸಿದರು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಆ ಮಾತನ್ನು ಚಿಕ್ಕಮ್ಮ ಎರಡು ಸಲ ಹೇಳಿದರು. “ದೀಪ ಹಚ್ಚೋ ಹೊತ್ಗೆ ಬಂದ್ಬುಟ್ಟಿದ್ವಿ. ಅದಕ್ಕೇ ನಿಮ್ಮಜ್ಜಿ ಮುಂದಿನ ಸಲಾನೂ ಬುಟ್ರು.”

ಇನ್ನೊಂದು ಸ್ವಾರಸ್ಯ ಹೇಳಬೇಕು. ಫೈನಲ್‌ನಲ್ಲಿ ಚಿಕ್ಕಮ್ಮನನ್ನು ಔಟ್ ಮಾಡಿದ ಮಳವಳ್ಳಿಯ ಹುಡುಗಿಯ ಜೊತೆ ಆಮೇಲೆ ಕಾಗದ ಬರೆಯುವಷ್ಟು ಸ್ನೇಹವಾಯಿತು. ಆಕೆ ಬೇರಾರೂ ಅಲ್ಲ, ನನ್ನ ಅತ್ತೆಯ ಖಾಸಾ ತಂಗಿ! ನನ್ನನ್ನು ಮಳವಳ್ಳಿಗೆ ಕೊಟ್ಟದ್ದು ಯಾರೋ ದಲ್ಲಾಳಿಯ ಮೂಲಕ ಅಂದುಕೊಂಡಿದ್ದೆ. ಖೊ ಖೊ ಮೂಲಕ ಅಂತ ಈಗ ಗೊತ್ತಾಯಿತು. ಯಜಮಾನರಿಗೆ ಹೇಳಿದರೆ, “ಸೋತೋರು ಹೆಣ್ಣು ಕೊಟ್ರು ಅನ್ನು” ಅಂತ ತಮಾಷೆ ಮಾಡಿದರು. ಇರಲಿ.

ಆ ತಂಡದಿಂದ ಒಬ್ಬಳು ವಿಶ್ವವಿದ್ಯಾನಿಲಯದ ತಂಡಕ್ಕೂ ಆರಿಸಿ ಹೋದಳು. ಆಮೇಲೆ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದಳು. ಉಳಿದ ಹನ್ನೊಂದು ಜನ ನಮ್ಮ ನಿಮ್ಮ ಹಾಗೆ ಗೃಹಿಣಿಯರಾದರು. ಆದರೆ ಹನ್ನೆರಡು ಜನವೂ ಒಂದು ದಿನ ಜಿಲ್ಲೆಯ ಮೈದಾನದಲ್ಲಿ ಜನರ ಮುಂದೆ ಓಡಿದವರು.

ಮನೆ ಪಾಲಾದ ಹಾಗೆ

ಹಾಗಾದರೆ ಇದೆಲ್ಲ ಎಲ್ಲಿ ಹೋಯಿತು? ನಿವೃತ್ತ ಮೇಷ್ಟ್ರನ್ನು ನಾನು ಕೇಳಿದ್ದು ಇದನ್ನೇ. ಅವರು ಹೇಳಿದ್ದು: “ಯಾರೂ ಮುಚ್ಚಲಿಲ್ಲಮ್ಮ. ಒಬ್ಬೊಬ್ಬರೇ ಎದ್ದು ಹೋದರು.”

ಕೂಡು ಕುಟುಂಬ ಪಾಲಾಗುವುದನ್ನು ನಾವು ನೋಡಿದವರೇ. ಮೊದಲು ದೂರದವರು ಬೇರೆಯಾಗುತ್ತಾರೆ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆ ಆಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. ಕರಾವಳಿಯ ಕಬಡ್ಡಿಯವರು, ಶಿವಮೊಗ್ಗ ಚಿಕ್ಕಮಗಳೂರಿನ ಓಟಗಾರರು ಎಲ್ಲ ತಮ್ಮ ತಮ್ಮ ಮನೆ ಮಾಡಿಕೊಂಡರು. ತಪ್ಪಲ್ಲ, ಅವರಿಗೂ ಮೈಸೂರು ದೂರವೇ. ಆದರೆ ಮೇಲಿನ ಪೈಪೋಟಿ ತೆಳುವಾಯಿತು. ನಮ್ಮ ವಲಯದೊಳಗೂ ಪಾಲು ನಡೆಯಿತು. 1970ರ ದಶಕದ ಮೊದಲಿಗೆ ಎರಡು ವರ್ಷದ ಪಿ.ಯು.ಸಿ. ಬಂದಾಗ ಆ ಮಕ್ಕಳ ಆಟ ಬೇರೆ ಇಲಾಖೆಗೆ ಹೋಗಿತ್ತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂದು ವೈದ್ಯಕೀಯ ಕಾಲೇಜುಗಳು ಅದಕ್ಕೆ ಸೇರಿದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದು ಇಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಹೋದವು. ಹಾಸ್ಟೆಲ್, ಮೈದಾನ, ದುಡ್ಡು ಎಲ್ಲ ಇದ್ದ ಕಾಲೇಜುಗಳೇ ಎದ್ದು ಹೋದ ಮೇಲೆ ಉಳಿದದ್ದು ಬಿ.ಎ., ಬಿ.ಕಾಂ. ಓದುವ ನಮ್ಮಂಥವರ ಮಕ್ಕಳ ಸಣ್ಣ ಕಾಲೇಜುಗಳು.

ಇಲ್ಲಿ ಒಂದು ವಿಚಿತ್ರ ಇದೆ. ಕಾಲೇಜುಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು! ಊರೂರಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಂತು. ಹೆಣ್ಣುಮಕ್ಕಳೂ ಹೆಚ್ಚಾದರು. ಆದರೆ ಮೊದಲು ಒಂದು ಕಾಲೇಜಿನಲ್ಲಿದ್ದ ಹನ್ನೆರಡು ಆಟಗಾರ್ತಿಯರು ಮೂರು ಕಾಲೇಜಿಗೆ ನಾಲ್ಕು ನಾಲ್ಕಾಗಿ ಹಂಚಿಹೋದರು. ನಾಲ್ಕು ಜನರಿಂದ ಖೊ ಖೊ ತಂಡ ಆಗುತ್ತದೆಯೇ? ಹನ್ನೆರಡು ಜನಕ್ಕೆ ಮಾಡಿದ ಸಾರನ್ನು ಮೂರು ಪಾತ್ರೆಗೆ ಬಗ್ಗಿಸಿದರೆ ಮೂರೂ ತಳ ಹತ್ತುತ್ತವೆ.

ಆಮೇಲೆ ಸೆಮಿಸ್ಟರ್ ಬಂತು. ವರ್ಷಕ್ಕೆ ಒಂದು ಪರೀಕ್ಷೆ ಇದ್ದದ್ದು ಎರಡಾಯಿತು, ನಡುವೆ ಇಂಟರ್ನಲ್ಸ್. ಪಂದ್ಯದ ದಿನವೇ ಟೆಸ್ಟ್ ಇದ್ದರೆ ಅಪ್ಪ ಅಮ್ಮ ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತು. ಕಾಲೇಜಿನಲ್ಲಿ ಆಟ ಕಲಿಸುವ ಮೇಷ್ಟ್ರು ನಿವೃತ್ತರಾದರೆ ಆ ಜಾಗ ಖಾಲಿ. ಕನ್ನಡ ಮೇಷ್ಟ್ರೋ ಲೆಕ್ಕದ ಮೇಷ್ಟ್ರೋ ಆಟದ ಹೊಣೆ ಹೊತ್ತುಕೊಂಡು ಒದ್ದಾಡುವುದನ್ನು ನಾನೇ ಕಂಡಿದ್ದೇನೆ. ನಿಮ್ಮ ಮಗಳ ಫೀಸಿನ ರಶೀದಿ ತೆಗೆದು ನೋಡಿ, ಕ್ರೀಡಾ ಶುಲ್ಕ ಅಂತ ಒಂದು ಸಾಲು ಇದ್ದೀತು. ಆ ದುಡ್ಡಿಗೆ ಒಂದು ಚೆಂಡಾದರೂ ಬಂತೇ ಅಂತ ಕೇಳುವ ಹಕ್ಕು ನಮಗಿದೆ. ನಾನು ಕೇಳಿದಾಗ ಸಿಕ್ಕಿದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ, ಬಿಡಿ.

ಚೆನ್ನಾಗಿ ಆಡುವ ಮಕ್ಕಳು ಉಳಿದರೆ? ಅವರನ್ನು ದೊಡ್ಡ ಸಂಸ್ಥೆಗಳು ಮೊದಲೇ ಗುರುತಿಸಿಬಿಡುತ್ತವೆ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಕ್ರೀಡಾ ಮಕ್ಕಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಕೊಟ್ಟು ಬೆಳೆಸುತ್ತಾರೆ. ಒಳ್ಳೆಯ ಕೆಲಸವೇ. ನಮ್ಮ ಬೀದಿಯ ಒಬ್ಬ ಹುಡುಗಿ ಹಾಗೇ ಹತ್ತನೇ ತರಗತಿ ಮುಗಿಸಿ ಹಾಸ್ಟೆಲಿಗೆ ಹೋದಳು, ಚೆನ್ನಾಗಿದ್ದಾಳೆ. ಆದರೆ ಅವಳನ್ನು ನೋಡಿ ಕಲಿಯಬೇಕಾದ ಉಳಿದ ಹನ್ನೊಂದು ಹುಡುಗಿಯರಿಗೆ ಮುಂದೆ ಓಡುವವಳು ಇಲ್ಲವಾದಳು. ಅಷ್ಟು ದೂರ ಕಳಿಸುವ ಧೈರ್ಯ ಎಲ್ಲ ತಾಯಂದಿರಿಗೂ ಬರುವುದಿಲ್ಲ. ನನಗಂತೂ ಬರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದಲ್ಲಿರುವ ನಮ್ಮ ಮೈದುನನ ಮಗ ಹೇಳಿದ: ಅಲ್ಲೂ ಕಾಲೇಜುಗಳು ಹೀಗೇ ಕೂಟ ಕಟ್ಟಿಕೊಂಡು ಆಡುತ್ತವಂತೆ. ಪಶ್ಚಿಮ ಕರಾವಳಿಯಲ್ಲಿ 1915ರಲ್ಲಿ ಹುಟ್ಟಿದ, ಹೆಚ್ಚುಕಡಿಮೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಷ್ಟೇ ಹಳೆಯದಾದ ಒಂದು ಕೂಟದಲ್ಲಿ ಹನ್ನೆರಡು ವಿಶ್ವವಿದ್ಯಾನಿಲಯಗಳಿದ್ದವು. ಟಿ.ವಿ. ದುಡ್ಡಿನ ಆಸೆಗೆ ಹತ್ತು ಎದ್ದು ಬೇರೆ ಕೂಟಗಳಿಗೆ ಹೋಗಿ 2024ರಲ್ಲಿ ಉಳಿದದ್ದು ಎರಡೇ. ಅಲ್ಲಿ ದುಡ್ಡು ಹೆಚ್ಚಾಗಿ ಹಾಳಾಯಿತು, ಇಲ್ಲಿ ದುಡ್ಡಿಲ್ಲದೆ. ಪಾಲಾಗುವುದಕ್ಕೆ ಏನೋ ಒಂದು ನೆಪ!

ನಮ್ಮ ಕಡೆಯ ಕೊನೆಯ ಪಾಲು ಮೊನ್ನೆ ಮೊನ್ನೆಯದು. ಮಂಡ್ಯಕ್ಕೆ 2019ರಲ್ಲಿ ಸ್ವಂತ ವಿಶ್ವವಿದ್ಯಾ ನಿಲಯ ಅಂತ ತೀರ್ಮಾನವಾಯಿತು, 2023ರಲ್ಲಿ ಹಾಸನಕ್ಕೂ ಚಾಮರಾಜನಗರಕ್ಕೂ ಹೊಸ ವಿಶ್ವವಿದ್ಯಾನಿಲಯಗಳು ಶುರುವಾದವು. ಜಿಲ್ಲೆಗೊಂದು ಮನೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ, 2025ರ ಫೆಬ್ರವರಿಯಲ್ಲಿ, ಇವುಗಳೂ ಸೇರಿ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಕಡೆಗೆ ಸಚಿವ ಸಂಪುಟದ ಉಪಸಮಿತಿಯೇ ಒಲವು ತೋರಿಸಿತು. ಬೇಕು ಬೇಡ ಅಂತ ವಾದಗಳಾದವು. ಆ ವಾದದಲ್ಲಿ ಪದವಿ ಪತ್ರದ ಮಾತು ಬಂತು, ಕಟ್ಟಡದ ಮಾತು ಬಂತು, ದುಡ್ಡಿನ ಮಾತು ಬಂತು. ಖೊ ಖೊ ಆಡುವ ಹುಡುಗಿ ಯಾವ ವಲಯಕ್ಕೆ ಸೇರಿದವಳು ಅಂತ ಕೇಳಿದ್ದನ್ನು ನಾನು ಓದಲಿಲ್ಲ.

ಹಾಗಂತ ಆಟಕ್ಕೆ ಕಾಲ ಕೆಟ್ಟಿತು ಅಂತ ಹೇಳಲಾರೆ. 2014ರಿಂದ ಕಬಡ್ಡಿಯನ್ನು ಟಿ.ವಿ.ಯಲ್ಲಿ ಧಾರಾವಾಹಿಯ ಹಾಗೆ ನೋಡುತ್ತಿದ್ದೇವೆ. 2022ರಲ್ಲಿ ಖೊ ಖೊಗೂ ಅಂಥದೇ ಲೀಗ್ ಬಂತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊ ಖೊದ ಮೊಟ್ಟಮೊದಲ ವಿಶ್ವಕಪ್ ನಡೆದು ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಯಾವ ಊರಿನವರು ಗೊತ್ತೇ? ನಮ್ಮ ಮಳವಳ್ಳಿ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರು! ಹೊಳೆ ದಾಟಿದರೆ ಅವರ ಸೀಮೆ. ಏಣಿಯ ತುದಿ ಹೊಳೆಯುತ್ತಿದೆ. ಬುಡದ ಮೆಟ್ಟಿಲು ಮುರಿದಿದೆ. ನಾನು ಹೇಳುವುದು ಇಷ್ಟೇ.

ಒಂಬತ್ತನೆಯವಳನ್ನು ಹುಡುಕುತ್ತಾ

ಈಗ ನನ್ನ ಮನೆಯ ಕತೆ. 2022ರಲ್ಲಿ ನನ್ನ ಮಗಳು ಎರಡನೇ ಬಿ.ಕಾಂ. ಒಂದು ಸಂಜೆ ಕಾಲೇಜಿನಿಂದ ಬಂದವಳೇ ಚೀಲ ಎಸೆದು ಕೂತಳು. ವಲಯದ ಖೊ ಖೊ ಪಂದ್ಯಕ್ಕೆ ಹೆಸರು ಕೊಟ್ಟವರು ಎಂಟೇ ಜನ, ಒಂಬತ್ತು ಆಗದಿದ್ದರೆ ತಂಡ ಕಳಿಸುವುದಿಲ್ಲ ಅಂದರಂತೆ. ಮೊದಲು ಹೆಸರು ಕೊಟ್ಟಿದ್ದ ಒಬ್ಬ ಹುಡುಗಿ ಮನೆಯಲ್ಲಿ ಬೇಡ ಅಂದರು ಅಂತ ಹಿಂದೆ ಸರಿದಿದ್ದಳು.

ನನಗೆ ನನ್ನದೇ ನೆನಪಾಯಿತು. ಹೈಸ್ಕೂಲಿನಲ್ಲಿ ಇನ್ನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದೆ. 1995ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಾಗ “ಓದಿದ್ದು ಸಾಕು” ಅಂದರು. ಓದು ನಿಂತದ್ದಕ್ಕಿಂತ ಓಟ ನಿಂತದ್ದು ನನಗೆ ಹೆಚ್ಚು ನೋವಾಯಿತು ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ಅನ್ನಕ್ಕಿಟ್ಟಿದ್ದ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಆ ಹುಡುಗಿಯ ಮನೆಗೆ ಹೋದೆ. ಅವರಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವವರು. ಮಾರಿ ಉಳಿದ ಸೇವಂತಿಗೆಗೆ ನೀರು ಚಿಮುಕಿಸುತ್ತಾ ಇದ್ದರು. ನಾನು ಆರೋಗ್ಯ, ಸರ್ಟಿಫಿಕೇಟು, ಪೊಲೀಸ್ ಕೆಲಸಕ್ಕೆ ಕ್ರೀಡಾ ಮೀಸಲಾತಿ ಅಂತ ಏನೇನೋ ಹೇಳಿದೆ. ಆಕೆ ಎಲ್ಲ ಕೇಳಿ, “ಬಿಸ್ಲಲ್ಲಿ ಓಡಿ ಕರ್ರಗಾಯ್ತಾಳೆ ಕಣಕ್ಕ. ಬರೋ ವಾರ ನೋಡಕ್ಕೆ ಬರ್ತಾವ್ರೆ. ಕಾಲ್ಗೀಲು ಮುರ್ಕಂಡ್ರೆ ಯಾರು ಕಟ್ಕತಾರೆ?” ಅಂದರು. ಆಮೇಲೆ ದನಿ ತಗ್ಗಿಸಿ, “ಅವ್ಳು ಆಗೋ ದಿನಾನೂ ಅದೇ” ಅಂದರು.

ನನ್ನ ಭಾಷಣ ಅಲ್ಲಿಗೆ ಮುಗಿಯಿತು. “ಯಾವತ್ತು ವಾಪಸ್ ಬರೋದು?” ಅಂತ ಆಕೆಯೇ ಕೇಳಿದರು. “ಅವತ್ತೇ. ನಾನೂ ಹೋಗ್ತೀನಿ. ದೀಪ ಹಚ್ಚೋದ್ರೊಳಗೆ ನಿಮ್ಮ ಬಾಗ್ಲಿಗೆ ತಂದು ಬಿಡ್ತೀನಿ” ಅಂದೆ. ಚಿಕ್ಕಮ್ಮನ ಮಾತು ಆಗಿನ್ನೂ ನಾನು ಕೇಳಿರಲಿಲ್ಲ, ಆದರೂ ಅದೇ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ! ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಮೊಳ ಹೂ ಕಿತ್ತು ನನ್ನ ಕೈಗೆ ಕೊಟ್ಟು, “ನೀವಿದ್ರೆ ಕರ್ಕಂಡೋಗಿ” ಅಂದರು. ಮೈಸೂರಿಗೋ ಬೆಂಗಳೂರಿಗೋ ಆಗಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಹೊರಡುವ ಮುಂಚೆ ನಾನು ಮಾಡಿದ ತಯಾರಿಯನ್ನೂ ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ಮುಟ್ಟಿನ ದಿನವೆಂದು ಮಗುವನ್ನು ಕೂರಿಸಬೇಕಿಲ್ಲ. ಅವಳಿಗೆ ತೀರ ನೋವಿಲ್ಲದಿದ್ದರೆ, ಅವಳಿಗೇ ಇಷ್ಟವಿದ್ದರೆ ಆಡಬಹುದು. ಪ್ಯಾಡು, ಕಡುಬಣ್ಣದ ಇನ್ನೊಂದು ಪ್ಯಾಂಟು, ಒಂದು ಹಳೇ ಟವಲ್ಲು ನನ್ನ ಚೀಲದಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಆಟಕ್ಕೆ ಎರಡು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು. ಪೂರಿ, ಬಜ್ಜಿಯಂಥ ಎಣ್ಣೆ ತಿಂಡಿ ಅವತ್ತು ಬೇಡ. ನಡುವೆ ಕುಡಿಯಲು ಚಿಟಿಕೆ ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕ. ಹುರಿಹಿಟ್ಟಿಗೆ ಬೆಲ್ಲ, ಸ್ವಲ್ಪ ತುಪ್ಪ, ಹುರಿದ ಕಡಲೆಬೀಜದ ತರಿ ಹಾಕಿ ಕಟ್ಟಿದ ಉಂಡೆ ಇಪ್ಪತ್ತು. ಕೈಕಾಲಿನ ಉಗುರು ಕತ್ತರಿಸಿ, ಬಳೆ, ಓಲೆ ಬಿಚ್ಚಿಸಿ ಕಳಿಸಿ. ಇನ್ನೊಂದು ಮಾತು: ದೊಡ್ಡ ಪಂದ್ಯಗಳನ್ನು ಈಗ ಮ್ಯಾಟಿನ ಮೇಲೆ ಆಡಿಸುತ್ತಾರೆ. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತ ಮಕ್ಕಳಿಗೆ ಅದು ಹೊಸದು. ಹಿಡಿತವಿರುವ ಷೂ ಬೇಕಾಗುತ್ತದೆ. ಆಡಿ ಬಂದ ಮೇಲೆ ಸರ್ಟಿಫಿಕೇಟನ್ನು ಜೋಪಾನ ಮಾಡಿ, ಹೆಸರು, ತಾರೀಖು, ಸಹಿ ಸರಿಯಿದೆಯೇ ಅಂತ ಅಲ್ಲೇ ನೋಡಿಬಿಡಿ. ಕೆಲಸದ ಕ್ರೀಡಾ ಮೀಸಲಾತಿಗೆ ವಲಯದ ಪತ್ರವೊಂದೇ ಸಾಲದು. ಆದರೆ ವಲಯದಲ್ಲಿ ಆಡದೆ ಮೇಲಕ್ಕೆ ಹೋಗುವ ದಾರಿಯೂ ಇಲ್ಲ.

ಒಂಬತ್ತು ಹುಡುಗಿಯರು, ಒಬ್ಬರು ಮೇಷ್ಟ್ರು, ನಾನು. ಮಂಡ್ಯದ ಬಸ್ಸಿನಲ್ಲಿ ಕಂಡಕ್ಟರು ಹನ್ನೊಂದು ಟಿಕೆಟ್ ಹರಿದರು. (ಮಾರನೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ಬಸ್ಸು ಪುಕ್ಕಟೆ ಆಗುವ ಹೊತ್ತಿಗೆ ಹೋಗುವ ಮೈದಾನವೇ ಖಾಲಿಯಾಗಿತ್ತು ಅನ್ನಿ.) ಮೈದಾನಕ್ಕೆ ಹೋದರೆ ಸುಣ್ಣದ ಗೆರೆ ನೀಟಾಗಿ ಹಾಕಿದ್ದರು, ಷಾಮಿಯಾನ ಇತ್ತು, ಮೈಕೂ ಇತ್ತು. ಬಂದದ್ದು ಮೂರೇ ತಂಡ. ನೋಡುವವರು ಅಂದರೆ ಷಾಮಿಯಾನದವನು, ಕಡಲೆಕಾಯಿ ಮಾರುವವನು, ನಾನು.

ಮೊದಲ ಪಂದ್ಯ ಸೋತರು. ಎರಡನೆಯದರಲ್ಲಿ ನಮ್ಮ ಹೂವಮ್ಮನ ಮಗಳು, ಅದೇ ಒಂಬತ್ತನೆಯವಳು, ಕಂಬದ ಹತ್ತಿರ ಒಬ್ಬಳನ್ನು ಹಾರಿ ಹಿಡಿದಳು ನೋಡಿ, ನಾನು ಕೂತಲ್ಲಿಂದ ಎದ್ದು ಕೂಗಿಬಿಟ್ಟೆ. ನನ್ನ ಗಂಟಲಿಂದ ಅಂಥ ಕೂಗು ಬಂದು ಇಪ್ಪತ್ತೇಳು ವರ್ಷವಾಗಿತ್ತು. ಗೆದ್ದರು. ಮೂರು ತಂಡದಲ್ಲಿ ಎರಡನೆಯ ಸ್ಥಾನ. ಮಂಡಿಯೆಲ್ಲ ಕೆಂಪು ಮಣ್ಣು, ಮುಖ ಕಾದ ಹಂಚಿನ ಹಾಗೆ. ಬಸ್ಸಿನಲ್ಲಿ ಹಾಡಿಕೊಂಡು ಬಂದರು. ಹೂವಿನವರು ಬಾಗಿಲಲ್ಲೇ ನಿಂತಿದ್ದರು. ಮಗಳ ಮುಖ ನೋಡಲಿಲ್ಲ, ಮೊದಲು ಕಾಲು ನೋಡಿದರು.

ಆ ವರ್ಷದ ದೀಪಾವಳಿಗೆ ಮಗಳು ಸರ್ಟಿಫಿಕೇಟನ್ನು ಮದ್ದೂರಿಗೆ ಕೊಂಡುಹೋಗಿ ತೋರಿಸಿದ್ದಳು. ಎಲ್ಲರೂ ಶಹಭಾಸ್ ಅಂದರು. ಚಿಕ್ಕಮ್ಮ ಮಾತ್ರ ಕನ್ನಡಕ ಹಾಕಿಕೊಂಡು ‘ದ್ವಿತೀಯ’ ಅನ್ನುವಲ್ಲಿ ಬೆರಳಿಟ್ಟು, “ಎಷ್ಟು ಟೀಮ್ ಬಂದಿದ್ವು?” ಅಂತ ಕೇಳಿದ್ದರು. ಮೂರು ಅಂದಾಗ ಏನೂ ಹೇಳದೆ ಒಳಗೆ ಹೋಗಿಬಿಟ್ಟಿದ್ದರು. ಇವರಿಗೇಕೆ ಈ ಕೊಂಕು ಅಂತ ನನಗೆ ಒಳಗೊಳಗೇ ಬೇಜಾರಾಗಿತ್ತು.

ಈಗ ತಟ್ಟೆ ಒರೆಸಿ ಅವರ ಮುಂದೆ ಇಟ್ಟೆ. ಅವತ್ತಿನ ಪಂದ್ಯದ ವಿಷಯ ಪೂರ್ತಿ ಹೇಳಿದೆ, ಹೂವಿನವರ ಮನೆಗೆ ಹೋದದ್ದನ್ನೂ. ಚಿಕ್ಕಮ್ಮ ಕೇಳುತ್ತಾ ಕೇಳುತ್ತಾ ಬೇಳೆ ಆರಿಸುವುದನ್ನು ನಿಲ್ಲಿಸಿದ್ದರು.

“ಆ ಒಂಬತ್ನೇ ಹುಡ್ಗಿ ಈಗೆಲ್ಲವ್ಳೆ?”

“ಬನ್ನೂರಿಗೆ ಕೊಟ್ಟವ್ರೆ ಚಿಕ್ಕಮ್ಮ. ಒಂದು ಹೆಣ್ಣುಮಗು.”

“ಕಂಬದತ್ರ ಹಿಡಿದ್ಲು ಅಂದ್ಯಲ್ಲ, ಯಾವ ಕೈಲಿ ಹಿಡಿದ್ಲು?”

ನಾನು ಎದ್ದು ನಿಂತು, ಪಾತ್ರೆಗಳ ನಡುವೆಯೇ, ಹೀಗೆ ಅಂತ ಎಡಗೈ ಚಾಚಿ ತೋರಿಸಿದೆ.

“ಹೂಂ” ಅಂದರು. “ತಟ್ಟೆ ಇತ್ತಾಗ್ಕೊಡು, ಬೇಳೆ ಸುರೀಬೇಕು.”